ಮಿರಜ ರಸ್ತೆಗೆ ಹೋದ ಮನೆ ಬಾವಿ ನೀರು

ನಮ್ಮ ಮಾವ ಭೀಮಗೊಂಡ ಪಾಟೀಲ ಓಡಲು ಶುರು ಮಾಡಿದ ಕಾಲದಲ್ಲಿ ಕಾಗವಾಡದಲ್ಲಿ ದೊಡ್ಡವರು ಓಡುವುದಕ್ಕೆ ಎರಡೇ ಕಾರಣಗಳಿದ್ದವು. ಒಂದೋ ಮಿರಜ ಬಸ್ಸು ಬಿಟ್ಟಿರಬೇಕು, ಇಲ್ಲವೇ ನಾಯಿ ಬೆನ್ನು ಹತ್ತಿರಬೇಕು. ಎರಡೂ ಇಲ್ಲದೆ, ನಲವತ್ತು ದಾಟಿದ, ದ್ರಾಕ್ಷಿ ತೋಟದ ಒಡೆಯನಾದ, ನಾಲ್ಕು ಜನ ‘ಗೌಡ್ರ’ ಎಂದು ಕರೆಯುವ ಮನುಷ್ಯ ಚಡ್ಡಿ ಹಾಕಿಕೊಂಡು ಬೆಳಗಾಗುವುದರೊಳಗೆ ಶೇಡಬಾಳದ ರಸ್ತೆ ಹಿಡಿದು ಓಡುತ್ತಾನೆಂದರೆ ಜನ ಏನೆಂದುಕೊಳ್ಳಬೇಕು? ಕಬ್ಬಿನ ಗಾಡಿ ಹೊಡೆಯುವ ಲಗಮಣ್ಣ ಮೊದಲ ದಿನ ಎತ್ತುಗಳನ್ನು ನಿಲ್ಲಿಸಿ, ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ ಕೇಳಿದನಂತೆ: “ಗೌಡ್ರ, ಯಾರ ಬೆನ್ನ ಹತ್ಯಾರ್ರಿ? ಏರ್ರಿ ಗಾಡ್ಯಾಗ, ಕಬ್ಬಿನ ಸಂದ್ಯಾಗ ಮುಚ್ಚಿ ಒಯ್ತೀನಿ.”

ಮಾವ ಅಂದರೆ ನನ್ನ ಅಕ್ಕ ಚಂದ್ರಮತಿಯ ಗಂಡ. ಅಕ್ಕನ ಗಂಡನನ್ನು ಚೇಷ್ಟೆ ಮಾಡುವ ಹಕ್ಕು ನಮ್ಮ ಕಡೆ ತಮ್ಮನಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನಾನು ಉತ್ತಮ, ಬಸ್‌ಸ್ಟ್ಯಾಂಡಿನ ಹತ್ತಿರ ದ್ರಾಕ್ಷಿ ಪೆಟ್ಟಿಗೆಗಳ ಅಂಗಡಿ ಇಟ್ಟವನು. ಆ ಹಕ್ಕನ್ನು ಒಂದು ದಿನವೂ ಹಾಳುಮಾಡಿದವನಲ್ಲ. ಮಾವನ ಚಡ್ಡಿಯ ಬಗ್ಗೆಯೇ ಎರಡು ವರ್ಷ ಮಾತಾಡಿದ್ದೇನೆ. ಅದು ನಮ್ಮೂರ ಸಿಂಪಿಗ ಮಾಂಜರಪಾಟಿನ ಬಟ್ಟೆಯಲ್ಲಿ ಹೊಲಿದದ್ದು. ಓಡುವುದಕ್ಕೆ ಎಂದು ಹೇಳಿದ್ದರೂ ಅವನು ಗೌಡರ ಮರ್ಯಾದೆಗೆಂದು ಎರಡು ಬದಿ ಜೇಬು, ಹಿಂದೊಂದು ಜೇಬು ಇಟ್ಟು, ಮೊಣಕಾಲು ಮುಚ್ಚುವಷ್ಟು ಉದ್ದ ಬಿಟ್ಟಿದ್ದ. ಗಾಳಿ ಬಂದರೆ ಮಾವನಿಗಿಂತ ಚಡ್ಡಿಯೇ ಮುಂದೆ ಓಡುತ್ತಿತ್ತು.

ಆದರೆ ಮಾವ ಓಡಲು ಕಲಿತದ್ದು ಚಡ್ಡಿಯಲ್ಲಲ್ಲ, ಧೋತರದಲ್ಲಿ, ಬರಿಗಾಲಲ್ಲಿ. ನಾವು ಮಹಾರಾಜರು ಎಂದು ಕರೆಯುವ ನಮ್ಮ ದಿಗಂಬರ ಜೈನ ಮುನಿಗಳು ವಾಹನ ಹತ್ತುವುದಿಲ್ಲ, ಕಾಲಿಗೆ ಏನೂ ಮೆಟ್ಟುವುದಿಲ್ಲ, ಯಾವತ್ತು ಯಾವ ಊರಿಗೆ ಹೊರಡುತ್ತೇವೆಂದು ಮೊದಲೇ ಹೇಳುವುದೂ ಇಲ್ಲ. ಬೆಳಿಗ್ಗೆ ಎದ್ದು ನವಿಲುಗರಿಯ ಪಿಂಛಿ, ಕಮಂಡಲ ಹಿಡಿದು ನಡೆದರೆಂದರೆ ಹೊರಟರು. ದಿನಕ್ಕೆ ಒಂದೇ ಹೊತ್ತು ಆಹಾರ, ನೀರೂ ಆಗಲೇ. ಮುಂದಿನ ಊರಿನ ಜೈನರ ಮನೆಗಳಲ್ಲಿ ಅಷ್ಟರೊಳಗೆ ಬಾವಿಯ ನೀರು ಸೇದಿ ಸೋಸಿರಬೇಕು, ಅಡುಗೆ ಶುದ್ಧದಲ್ಲಿ ಆಗಿರಬೇಕು. ಫೋನು ಎಲ್ಲಿತ್ತು ಆಗ? ಯಾರಾದರೊಬ್ಬರು ಮುಂದೆ ಹೋಗಿ ಸುದ್ದಿ ಮುಟ್ಟಿಸಬೇಕಿತ್ತು. ಬೇರೆಯವರು ಸೈಕಲ್ಲಿನ ಮೇಲೆ ಹೋಗುತ್ತಿದ್ದರು. ಮಾವ ಮಾತ್ರ, “ಮಹಾರಾಜರು ಬರಿಗಾಲಲೆ ನಡಿಯೂಮುಂದ ನಾ ಸೈಕಲ್ ತುಳಕೋತ ಹೋದ್ರ ಚಂದ ಕಾಣ್ತೈತೇನು?” ಎಂದು ಧೋತರ ಮೇಲೆತ್ತಿ ಕಟ್ಟಿ ಓಡುತ್ತಿದ್ದ. ಶೇಡಬಾಳದಿಂದ ಉಗಾರಕ್ಕೆ, ಉಗಾರದಿಂದ ಕುಡಚಿಗೆ, ಒಮ್ಮೆ ರಾಯಬಾಗದ ಹತ್ತಿರದವರೆಗೂ ಹೀಗೆ ಓಡಿದ್ದಾನೆ. ಓಡಿ ಸುದ್ದಿ ಹೇಳಿ, ಯಾರದೋ ಕಟ್ಟೆಯ ಮೇಲೆ ಕುಳಿತು ಬೆವರು ಒರೆಸಿಕೊಳ್ಳುವಾಗ ಏನೋ ಒಂದು ಸುಖ ಆಗುತ್ತಿತ್ತಂತೆ. ಅದಕ್ಕೆ ಹೆಸರು ಅವನಿಗೆ ಗೊತ್ತಿರಲಿಲ್ಲ. ಬರಬರುತ್ತಾ ಮಹಾರಾಜರಿಲ್ಲದ ದಿನವೂ ಓಡತೊಡಗಿದ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಒಂದು ದಿನ ಹಜಾಮತಿ ಅಂಗಡಿಯಲ್ಲಿ ಮರಾಠಿ ಪೇಪರು ಓದುತ್ತಿದ್ದವನು ಅರ್ಧ ಗಡ್ಡಕ್ಕೇ ಎದ್ದು ನನ್ನ ಅಂಗಡಿಗೆ ಬಂದ. ಸಾಂಗ್ಲಿಯ ಒಂದು ತರುಣ ಮಂಡಳದವರು ಜನವರಿ ಇಪ್ಪತ್ತಾರಕ್ಕೆ ಅರ್ಧ ಮ್ಯಾರಥಾನ್ ಇಟ್ಟಿದ್ದರು. ಸಾಂಗ್ಲಿಯಿಂದ ಮಿರಜಕ್ಕೆ ಹೋಗಿ ತಿರುಗಿ ಬರುವುದು, ಇಪ್ಪತ್ತೊಂದು ಕಿಲೋಮೀಟರು.

“ಇದೇನ ದೊಡ್ಡದು, ಉತ್ತಮ್ಯಾ? ಮಹಾರಾಜರ ಮುಂದ ಇದಕ್ಕಿಂತ ಜಾಸ್ತಿ ಓಡೇನಿ.”

“ನಡುವ ನಾಕ ಕಟ್ಟಿ ಮ್ಯಾಲ ಕುಂತು ಓಡೀರಿ, ಮಾವಾರ. ಅಲ್ಲಿ ಕಟ್ಟಿ ಇರಂಗಿಲ್ಲ.”

ಅವತ್ತಿನಿಂದ ಮಾವನ ತಾಲೀಮು ಶುರುವಾಯಿತು. ಮಿರಜಕ್ಕೆ ಹೋಗಿ ಬಿಳಿ ಕ್ಯಾನ್ವಾಸ್ ಬೂಟು ತಂದ. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ. ಆದ್ದರಿಂದ ಹಿಂದಿನ ಸಂಜೆಯ ಊಟದ ಮೇಲೆಯೇ ಮರುದಿನ ಓಡಬೇಕು. ತಿರುಗಿ ಬಂದ ಮೇಲೆ ಶೇಂಗಾ ಉಂಡಿ, ಬೆಲ್ಲ, ಹಾಲು. ಮೊದಮೊದಲು ಶೇಡಬಾಳ ಸ್ಟೇಷನ್ನಿನವರೆಗೆ, ಆಮೇಲೆ ಉಗಾರದ ಫ್ಯಾಕ್ಟರಿಯ ಚಿಮಣಿ ಕಾಣುವವರೆಗೆ. ಮನೆ ಬಿಟ್ಟ ಕೂಡಲೇ ಕಾಲು ಒಲ್ಲೆನೆನ್ನುತ್ತವೆ, ಉಸಿರು ಜಗಳಕ್ಕೆ ನಿಲ್ಲುತ್ತದೆ, ಯಾಕೆ ಬೇಕಿತ್ತು ಇದು ಅನಿಸುತ್ತದೆ. ರೈಲ್ವೆ ಗೇಟು ದಾಟಿದ ಮೇಲೆ ಕಾಲು ತಾವಾಗಿಯೇ ಮಾತು ಕೇಳುತ್ತವೆ ಎನ್ನುತ್ತಿದ್ದ. “ತ್ವಾಟದಾಗ ನಿಂತ್ರ ಮುಗಲ ನೋಡಬೇಕ. ಮೋಡ ಬಂತೇನು, ಹೂವ ಉದುರ್ತೇನು. ಓಡೂಮುಂದ ಮುಗಲ ನೆಪ್ಪಾಗಂಗಿಲ್ಲ ನೋಡು” ಎಂದು ಒಮ್ಮೆ ನನಗೆ ಹೇಳಿದ. ದ್ರಾಕ್ಷಿ ಬೆಳೆಯುವವನಿಗೆ ಅದು ಎಂಥ ಬಿಡುಗಡೆ ಎಂಬುದು ದ್ರಾಕ್ಷಿ ಬೆಳೆದವರಿಗೇ ಗೊತ್ತು. ಆ ಮಾತಿಗೆ ನಾನು ನಗಲಿಲ್ಲ.

ಅಕ್ಕನಿಗೆ ಈ ಓಟ ಕಂಡರೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣ ಆ ಜನವರಿಗೆ ಮುಂಚಿನ ಮಳೆಗಾಲದ ಒಂದು ಬೆಳಿಗ್ಗೆ.

ಆ ವರ್ಷ ಚಾತುರ್ಮಾಸಕ್ಕೆ ಮಹಾರಾಜರು ಕಾಗವಾಡದಲ್ಲೇ ನಿಂತಿದ್ದರು. ಆಹಾರದ ಹೊತ್ತಿಗೆ ಅವರು ಬಸದಿಯಿಂದ ಹೊರಡುತ್ತಾರೆ. ಮನೆ ಮನೆಯ ಮುಂದೆ ಗಂಡಹೆಂಡತಿ ಸ್ನಾನ ಮಾಡಿ, ಶುದ್ಧ ಬಟ್ಟೆ ಉಟ್ಟು, ಕಲಶ ಹಿಡಿದು, ‘ನಮೋಸ್ತು’ ಎಂದು ಕರೆಯುತ್ತ ನಿಂತಿರುತ್ತಾರೆ. ಮುನಿಗಳು ಮನಸ್ಸಿನಲ್ಲೇ ಒಂದು ನೇಮ ಹಾಕಿಕೊಂಡು ಬಂದಿರುತ್ತಾರೆ. ಆ ನೇಮಕ್ಕೆ ಹೊಂದುವ ಬಾಗಿಲು ಸಿಕ್ಕರೆ ನಿಲ್ಲುತ್ತಾರೆ, ಇಲ್ಲವೇ ಉಪವಾಸ ತಿರುಗಿ ಹೋಗುತ್ತಾರೆ. ಅಕ್ಕ ಮದುವೆಯಾಗಿ ಬಂದಾಗಿನಿಂದ ಆ ಬಾಗಿಲಲ್ಲಿ ನಿಂತಿದ್ದಾಳೆ. ಒಮ್ಮೆಯೂ ಒಬ್ಬ ಮುನಿಗಳೂ ಅಲ್ಲಿ ನಿಂತಿರಲಿಲ್ಲ.

ಆ ದಿನ ಮಾವ ಓಡಲು ಹೋದವನು ಹಳ್ಳಕ್ಕೆ ನೀರು ಬಂದು ಆಚೆ ದಂಡೆಯಲ್ಲೇ ಸಿಕ್ಕಿಬಿದ್ದ. ನೀರು ಇಳಿದ ಮೇಲೆ ಓಡೋಡಿ ಓಣಿಯ ತುದಿಗೆ ಬಂದಾಗ ಮಹಾರಾಜರು ಆಗಲೇ ಓಣಿಯೊಳಗಿದ್ದರು. ಮೈಯೆಲ್ಲ ಕೆಸರು, ಸ್ನಾನವಿಲ್ಲ, ಸೊಂಟದಲ್ಲಿ ಆ ಚಡ್ಡಿ. ಮುಂದೆ ಹೋಗುವಂತಿಲ್ಲ. ಬೇವಿನ ಗಿಡದ ಹಿಂದೆ ನಿಂತು ನೋಡಿದ. ಅಕ್ಕ ಒಬ್ಬಳೇ ಕಲಶ ಹಿಡಿದು ನಿಂತಿದ್ದಳು. ಮಹಾರಾಜರು ಅವಳ ಮುಂದೆ ಬಂದು ಒಂದು ಗಳಿಗೆ ನಿಂತರು, ಅವಳ ಬಲಗಡೆಯ ಖಾಲಿ ಜಾಗ ನೋಡಿದರು, ಮುಂದೆ ನಡೆದರು. ಪಕ್ಕದ ಸುಗಂಧಾಳ ಮನೆಯಲ್ಲಿ ಗಂಡಹೆಂಡತಿ ಜೋಡಿಯಾಗಿ ನಿಂತಿದ್ದರು, ಅಲ್ಲಿ ಆಹಾರವಾಯಿತು. ಅವತ್ತಿನ ನೇಮ ಏನಿತ್ತೆಂದು ಓಣಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಅಕ್ಕ ಅಳಲಿಲ್ಲ, ಬಯ್ಯಲಿಲ್ಲ. ಕಲಶದ ನೀರನ್ನು ತುಳಸಿಗೆ ಹಾಕಿ ಒಳಗೆ ಹೋದಳು. ಅಲ್ಲಿಂದ ಮುಂದೆ ಮಾವನ ಜೊತೆ ಬೇಕಾದಷ್ಟೇ ಮಾತು. ಊಟಕ್ಕೆ ಬರ್ರಿ, ಹಾಲ ಇಟ್ಟೇನಿ, ಆಳ ಬಂದಾರ, ಇಷ್ಟೇ. ಜಗಳಾಡುವ ಹೆಂಡತಿಯ ಜೊತೆ ಬಾಳಬಹುದು. ಹೀಗೆ ಲೆಕ್ಕ ಹಾಕಿ ಮಾತಾಡುವವಳ ಜೊತೆ ಬಾಳುವುದು ಕಷ್ಟ.

ಮಾವ ಸೋತು ಮಹಾರಾಜರ ಹತ್ತಿರವೇ ಹೋದ. ನಾನೂ ಜೊತೆಗಿದ್ದೆ. ನಡೆದದ್ದನ್ನೆಲ್ಲ ಹೇಳಿ, “ಓಡೋದು ಬಿಡ್ಲೇನ್ರಿ?” ಎಂದು ಕೇಳಿದ.

ಮಹಾರಾಜರು ನಕ್ಕರು. “ಓಡೋದು ಪಾಪ ಅಂತ ಯಾರ ಹೇಳ್ಯಾರ? ನಮ್ಮ ಮುಂದ ಓಡಿಲ್ಲೇನ ನೀ? ಮನಸ್ಸಿಗೆ ಹತ್ತಿದ್ರ ಬ್ಯಾರೆ ಏನರ ಒಂದು ಬಿಡು.”

ಮುನಿಗಳ ಮುಂದೆ ಏನಾದರೊಂದು ಬಿಡುವುದು ನಮ್ಮಲ್ಲಿ ರೂಢಿ. ಬಹಳ ಜನ ಬದನೆಕಾಯಿ ಬಿಡುತ್ತಾರೆ, ಅದರಲ್ಲೂ ಬದನೆಕಾಯಿ ಮೊದಲೇ ಸೇರದವರು. ಬೆಲ್ಲ ಬಿಟ್ಟು ಸಕ್ಕರೆ ತಿನ್ನುವವರಿದ್ದಾರೆ. ನಮ್ಮ ಮಾವ ಅಂಥ ಜಾಣನಲ್ಲ. ಕೈ ಮುಗಿದು, “ಸಾಂಗ್ಲಿ ಓಟ ಪೂರ್ತಿ ಮುಗಸೂತನಕ ನಮ್ಮ ಮನಿ ಬಾವಿ ಸೋಸಿದ ನೀರ ಬಿಟ್ಟು ಬ್ಯಾರೆ ನೀರ ಬಾಯಾಗ ಹಾಕಂಗಿಲ್ರಿ” ಎಂದುಬಿಟ್ಟ.

ಮಹಾರಾಜರು ನಗುವುದನ್ನು ನಿಲ್ಲಿಸಿದರು. “ವಿಚಾರ ಮಾಡಿ ಹೇಳು.”

“ಮಾಡೇನ್ರಿ.”

ಏನೂ ಮಾಡಿರಲಿಲ್ಲ. ಓಡುವವನು ಬಿಡುವುದೇ ಆದರೆ ತುಪ್ಪ ಬಿಡಬೇಕು, ಚಹಾ ಬಿಡಬೇಕು; ಓಡುವಾಗ ಬೇಕಾದ ನೀರನ್ನೇ ಬಿಟ್ಟು ಬಂದ ಮನುಷ್ಯನಿಗೆ ಏನೆನ್ನಬೇಕು? ದಾರಿಯುದ್ದಕ್ಕೂ ಬಯ್ದೆ. ಮನೆಗೆ ಬಂದು ಹೇಳಿದಾಗ ಅಕ್ಕ ಬಹಳ ದಿನದ ಮೇಲೆ ಉದ್ದದ ಮಾತಾಡಿದಳು: “ಇದನ್ನೂ ಮುರದ್ರಂದ್ರ ಕಲಶಾ ಹಿಡಕೊಂಡು ನಾ ಈ ಬಾಗಲಾಗ ನಿಂದ್ರಂಗಿಲ್ಲ. ನೇಮ ಮುರದವರ ಮನಿ ಮುಂದ ಯಾ ಮಾರಿ ಹೊತಗೊಂಡ ಮಹಾರಾಜರ್ನ ಕರೀಲಿ?”

ಓಟದ ದಿನ ಮಾವ ನೀರಿನ ವಿಚಾರವನ್ನೇ ಮಾಡಲಿಲ್ಲ. ಊರಲ್ಲಿ ಬೆಳಗಿನ ತಂಪಿನಲ್ಲಿ ಅಷ್ಟು ದೂರ ನೀರಿಲ್ಲದೆ ಓಡಿದ್ದೆನಲ್ಲ ಎಂಬ ಧೈರ್ಯ. ಬಸ್ಸು ಹತ್ತುವ ಮೊದಲು ಮನೆಯಲ್ಲಿ ಎರಡು ತಂಬಿಗೆ ಕುಡಿದು ಹೊರಟ. ಆದರೆ ಸಾಂಗ್ಲಿಯ ಓಟಕ್ಕೆ ಹಸಿರು ಬಾವುಟ ತೋರಿಸಬೇಕಾದ ಮುಖ್ಯ ಅತಿಥಿಗೆ ಆ ದಿನ ಇನ್ನೂ ಎರಡು ಮೂರು ಕಡೆ ಧ್ವಜ ಏರಿಸುವುದಿತ್ತು. ಓಡುವವರು ಚಡ್ಡಿಯಲ್ಲಿ ನಡುಗುತ್ತ ನಿಂತರು, ಆಮೇಲೆ ಬಿಸಿಲಲ್ಲಿ ಬೆವರುತ್ತ ನಿಂತರು. ಅತಿಥಿ ಬಂದು ಭಾಷಣ ಮುಗಿಸಿ ಬಾವುಟ ಬೀಸುವ ಹೊತ್ತಿಗೆ ಸೂರ್ಯ ನೆತ್ತಿಯ ಕಡೆಗೆ ಹೊರಟಿದ್ದ.

ಮಿರಜದವರೆಗೆ ಮಾವ ಚೆನ್ನಾಗಿಯೇ ಓಡಿದನಂತೆ. ದಾರಿಯಲ್ಲಿ ಅಲ್ಲಲ್ಲಿ ಮೇಜು ಹಾಕಿ ಕಾಲೇಜಿನ ಹುಡುಗಿಯರು ನೀರು, ಲಿಂಬು ಶರಬತ್ತು ಹಿಡಿದು ನಿಂತಿದ್ದರು. ಮಾವ ಅವರಿಗೆ ಕೈ ಮುಗಿದು ಮುಂದೆ ಓಡುತ್ತಿದ್ದ. ತಿರುಗಿ ಬರುವಾಗ ನಾಲಿಗೆ ಅಂಗುಳಕ್ಕೆ ಅಂಟಿತು. ರಸ್ತೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿಯತೊಡಗಿತು. ನಡುದಾರಿಯ ವಿಶ್ರಾಮಬಾಗಕ್ಕೆ ಸ್ವಲ್ಪ ಹಿಂದೆಯೇ ಕುಸಿದು ಬಿದ್ದ. ಒಬ್ಬ ಹುಡುಗಿ ಓಡಿ ಬಂದು ತಲೆ ಎತ್ತಿ ಗ್ಲಾಸು ತುಟಿಗೆ ಹಚ್ಚಿದರೆ ಈ ಮನುಷ್ಯ ಹಲ್ಲು ಬಿಗಿಹಿಡಿದ. ಎಚ್ಚರ ತಪ್ಪಿದ ಮೇಲೂ ಹಲ್ಲು ಬಿಡಲಿಲ್ಲ.

ನಾನು ಸಾಂಗ್ಲಿಯಲ್ಲಿ ಓಟ ಮುಗಿಯುವ ಗೆರೆಯ ಹತ್ತಿರ ಹಾರ ಹಿಡಿದುಕೊಂಡು ಮೂರ್ಖನ ಹಾಗೆ ಕಾಯುತ್ತಿದ್ದೆ. ಸುದ್ದಿ ತಿಳಿದು ಮಿರಜದ ಆಸ್ಪತ್ರೆಗೆ ಹೋದಾಗ ಅವನ ಕೈಗೆ ಸಲಾಯಿನ್ ಹಚ್ಚಿದ್ದರು. ಅಕ್ಕನಿಗೆ ಹೇಳಿ ಕಳಿಸಿದೆ. ಸಂಜೆಯ ಬಸ್ಸಿಗೆ ಬಂದಳು, ಕೈಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಹಿತ್ತಾಳೆ ತಂಬಿಗೆ. ಅವನ ತಲೆ ಎತ್ತಿ ಹಿಡಿದು, “ಕುಡೀರಿ. ಮನಿ ಬಾವೀದು” ಎಂದಳು.

ಕುಡಿದ. ಕುಡಿದು ಜೀವ ಬಂದ ಮೇಲೆ ಸಲಾಯಿನ್ ಬಾಟಲಿ ತೋರಿಸಿ ಕೇಳಿದ: “ಇದೂ ನೀರ ಅಂತ. ನರದಾಗ ಹೊಂಟೈತಿ. ನೇಮ ಐತೋ, ಹೋತೋ?”

ಅಕ್ಕ ಬಾಟಲಿಯನ್ನು ನೋಡಿದಳು, ನಳಿಗೆಯನ್ನು ನೋಡಿದಳು. “ನೀವು ಬಾಯಾಗ ಹಾಕಂಗಿಲ್ಲ ಅಂದೀರಿ. ಇದು ಬಾಯಿ ಮುಟ್ಟಿಲ್ಲ. ಐತಿ” ಎಂದು ತೀರ್ಪು ಕೊಟ್ಟಳು.

ಹಲ್ಲು ಬಿಗಿಹಿಡಿದ ಕಥೆಯನ್ನು ಅವಳಿಗೆ ಹೇಳಿದವನು ನಾನೇ, ಹೊರಗೆ ವರಾಂಡದಲ್ಲಿ. ಅಕ್ಕ ಗೋಡೆಗೆ ಒರಗಿ ನಿಂತಳು. ಅವನು ಹಾಗೆ ಮಾಡಿದ್ದು ಪದಕಕ್ಕಲ್ಲ, ತಾನು ಕಲಶ ಹಿಡಿದು ನಿಲ್ಲುವ ಬಾಗಿಲಿಗಾಗಿ ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಮಳೆಗಾಲದಿಂದ ತಡೆದುಕೊಂಡಿದ್ದ ಅಳುವನ್ನೆಲ್ಲ ಅವಳು ಅವತ್ತು ಆ ವರಾಂಡದಲ್ಲಿ ಅತ್ತಳು. ನನ್ನ ಕಣ್ಣೂ ಒದ್ದೆಯಾದವು.

ಓಟ ಮುಗಿದಿರಲಿಲ್ಲವಾದ್ದರಿಂದ ನೇಮವೂ ಮುಗಿಯಲಿಲ್ಲ. ಓಡುವುದನ್ನು ಬಿಟ್ಟರೆ ಸಾಯುವ ತನಕ ಮನೆ ಬಾವಿಯೇ ಗತಿ. ಆ ಒಂದು ವರ್ಷ ಮಾವ ಎಲ್ಲಿಗೆ ಹೋದರೂ ಹಿತ್ತಾಳೆ ತಂಬಿಗೆ ಜೊತೆಗೆ ಹೋಯಿತು. ಅಥಣಿ ಸಂತೆಗೆ ಹೋಯಿತು, ಚಿಕ್ಕೋಡಿ ಕಚೇರಿಗೆ ಹೋಯಿತು, ನಿಪ್ಪಾಣಿಯಲ್ಲಿ ಬೀಗರ ಮದುವೆಯ ಪಂಕ್ತಿಯಲ್ಲಿ ಎಲೆಯ ಪಕ್ಕ ಕುಳಿತಿತು. ಬೇರೆ ನೀರಿನ ಚಹಾ ಇಲ್ಲ, ಸಾರು ಇಲ್ಲ. ನಿಪ್ಪಾಣಿಯಲ್ಲಿ ಬರೀ ಬುಂದಿ ಲಾಡು ತಿಂದು ಎದ್ದ. ಅದರಲ್ಲೂ ಪಾಕದ ನೀರು ಇರುತ್ತದಲ್ಲ ಎಂದು ನಾನು ಹೇಳಿದ್ದಕ್ಕೆ ಎರಡನೆಯ ಲಾಡನ್ನು ಎಲೆಯಲ್ಲೇ ಬಿಟ್ಟು ನನ್ನನ್ನು ಸುಡುವ ಹಾಗೆ ನೋಡಿದ. ಆ ಮಳೆಗಾಲ ಮಹಾರಾಜರು ಬೇರೆ ಊರಲ್ಲಿದ್ದರು. ಅವರು ಅಕ್ಕನ ಬಾಗಿಲಲ್ಲಿ ನಿಂತದ್ದು ಮುಂದೆ ಎಷ್ಟೋ ವರ್ಷಗಳ ಮೇಲೆ. ಅದನ್ನು ಅವಳೇ ಎಲ್ಲರಿಗೂ ಹೇಳುತ್ತಾಳೆ. ಅವಳು ಹೇಳದೆ ಬಿಡುವುದನ್ನು ನಾನು ಹೇಳುತ್ತಿದ್ದೇನೆ.

ತಾಲೀಮು ಮತ್ತೆ ಶುರುವಾಯಿತು. ಸೊಂಟಕ್ಕೆ ನೀರಿನ ಬಾಟಲಿ ಕಟ್ಟಿಕೊಂಡು ಓಡಿರೆಂದು ನಾನು ಹೇಳಿದೆ. ಕಟ್ಟಿಕೊಂಡ. ಅದು ಹೆಜ್ಜೆಗೊಮ್ಮೆ ತೊಡೆಗೆ ಬಡಿದು, ಮೂರನೆಯ ದಿನ ಕುಂಟುತ್ತ ಮನೆಗೆ ಬಂದ. ಅಕ್ಕ ಬಾಟಲಿ ಕಿತ್ತು ಅಟ್ಟಕ್ಕೆ ಎಸೆದಳು. “ಪ್ಲಾಸ್ಟಿಕಿನಾಗ ಬಿಸಲಿಗೆ ಕಾಯ್ದ ನೀರು ಶುದ್ಧ ಹ್ಯಾಂಗ ಆದೀತು? ನಾ ತಂದ ಕೊಡ್ತೀನಿ.”

“ಎಲ್ಲಿ ತರ್ತಿ?”

“ನೀವು ಎಲ್ಲಿ ಓಡ್ತೀರಿ, ಅಲ್ಲಿ.”

ಅವಳು ಸುಮ್ಮನೆ ಅಂದದ್ದಲ್ಲ. ಮರುದಿನದಿಂದ ತೋಟದ ದಾರಿ ಕೂಡುವಲ್ಲಿ ತಂಬಿಗೆ ಹಿಡಿದು ನಿಂತಳು. ಲಗಮಣ್ಣನ ಗಾಡಿಯೂ ಅಲ್ಲೇ ನಿಲ್ಲತೊಡಗಿತು. ಗೌಡ ಬರುವುದು ಕಂಡ ಕೂಡಲೇ ಅವನು ಗಾಡಿಯ ಮೇಲೆ ಎದ್ದು ನಿಂತು, “ಬಂದ್ರು ಬಂದ್ರು, ವೈನಿ, ತಯಾರ ಆಗ್ರಿ!” ಎಂದು ಕೂಗುತ್ತಿದ್ದ. ಒಮ್ಮೆ ಒಳ್ಳೆಯ ಓಟಕ್ಕೆ ಕುಳಿತಲ್ಲಿಂದಲೇ ಒಂದು ಕಬ್ಬಿನ ಜಲ್ಲೆ ಇನಾಮು ಕೊಟ್ಟ.

ಎರಡನೆಯ ಜನವರಿ ಬಂತು. ಅಕ್ಕ ಓಟದ ದಿನ ಇನ್ನೂ ಕತ್ತಲಿರುವಾಗಲೇ ಎದ್ದು ಬಾವಿಯ ನೀರು ಸೇದಿ, ಸೋಸಿ, ಕುದಿಸಿದಳು. ಸೋಸಿದ ನೀರು ಬರೀ ಒಂದು ಮುಹೂರ್ತ, ಅಂದರೆ ಮುಕ್ಕಾಲು ಗಂಟೆ ನಡೆಯುತ್ತದೆ, ಕುದಿಸಿದ್ದಾದರೆ ಇಡೀ ದಿನ. ಮಹಾರಾಜರ ಆಹಾರದ ದಿನಕ್ಕೆಂದೇ ಎತ್ತಿಟ್ಟಿದ್ದ ಬಿಳಿ ಸೀರೆ ಉಟ್ಟಳು. ಮಾವ ಬಸ್ಸಿಗೆ ಹೋದ ಮೇಲೆ ನನ್ನ ಎಂ-ಎಯ್ಟಿ ಮೊಪೆಡ್ ಗಾಡಿಯ ಹಿಂದೆ, ತೊಡೆಯ ಮೇಲೆ ಹಿತ್ತಾಳೆ ಬಿಂದಿಗೆ ಇಟ್ಟುಕೊಂಡು, ಕೈಯಲ್ಲಿ ತಂಬಿಗೆ ಹಿಡಿದು ಕುಳಿತಳು. ಮ್ಹೈಸಾಳ ದಾಟುವಾಗ ಒಬ್ಬ ಮುದುಕ ಕೈ ಎತ್ತಿ ಮುಗಿದ. ಯಾವ ಬಸದಿಗೆ ಹೊರಟಿದ್ದೇವೆಂದುಕೊಂಡನೋ.

ಮೂರು ಕಡೆ ನಿಲ್ಲುವುದೆಂದು ಗೊತ್ತುಮಾಡಿದ್ದೆವು: ಹೋಗುವಾಗ ವಿಶ್ರಾಮಬಾಗ, ತಿರುಗುವಲ್ಲಿ ಮಿರಜ, ಬರುವಾಗ ಸಾಂಗ್ಲಿಯ ಹೊರಗೆ ಒಂದು ಪೆಟ್ರೋಲ್ ಪಂಪು. ಮುಖ್ಯ ಅತಿಥಿ ಆ ವರ್ಷವೂ ತಡ.

ವಿಶ್ರಾಮಬಾಗದಲ್ಲಿ ಮಾವ ಬಂದು ನಿಂತಾಗ ಗ್ಲಾಸು ತಂದಿಲ್ಲವೆಂದು ನಮಗೆ ನೆನಪಾಯಿತು. ತಂಬಿಗೆಗೆ ಬಾಯಿ ಹಚ್ಚಿದರೆ ಎಂಜಲು. ಮಾವ ಹಿಂದೆಮುಂದೆ ನೋಡದೆ ಎರಡೂ ಕೈ ಜೋಡಿಸಿ ಬೊಗಸೆ ಹಿಡಿದ. ಅಕ್ಕ ಮೆಲ್ಲಗೆ ನೀರು ಬಿಟ್ಟಳು. ನಿಂತುಕೊಂಡು ಬೊಗಸೆಯಲ್ಲಿ ಕುಡಿದ. ನಮ್ಮ ಮುನಿಗಳು ಆಹಾರ ತೆಗೆದುಕೊಳ್ಳುವುದು ಹಾಗೆಯೇ, ನಿಂತು, ಬೊಗಸೆಯಲ್ಲಿ. ಅಕ್ಕ ಎಷ್ಟು ವರ್ಷ ಬಾಗಿಲಲ್ಲಿ ನಿಂತರೂ ಅವಳ ತಂಬಿಗೆಯಿಂದ ಯಾರ ಬೊಗಸೆಗೂ ನೀರು ಬಿದ್ದಿರಲಿಲ್ಲ. ಅವಳ ಮುಖ ನೋಡಿ ನನಗೆ ಚೇಷ್ಟೆಯ ಮಾತು ಒಂದೂ ಹೊಳೆಯಲಿಲ್ಲ.

ಮಿರಜದಲ್ಲೂ ಹಾಗೆಯೇ ಆಯಿತು. ಕೆಟ್ಟದ್ದು ಮೂರನೆಯದು. ನಾವು ಒಳದಾರಿ ಹಿಡಿದು ಪೆಟ್ರೋಲ್ ಪಂಪಿನ ಕಡೆ ಬರುವಾಗ ಒಬ್ಬ ಪೋಲೀಸಿನವ ಕೋಲು ಅಡ್ಡ ಹಿಡಿದ. ಓಟದ ರಸ್ತೆಗೆ ಗಾಡಿ ಬಿಡುವುದಿಲ್ಲ ಎಂದ. ನಾನು ಗಕ್ಕನೆ ಬ್ರೇಕು ಹಾಕಿದೆ. ಬಿಂದಿಗೆ ಅಕ್ಕನ ತೊಡೆಯಿಂದ ಉರುಳಿ, ಇದ್ದಷ್ಟೂ ನೀರು ಸಾಂಗ್ಲಿಯ ಮಣ್ಣಿಗೆ ಹೋಯಿತು. ಉಳಿದದ್ದು ಅವಳ ಕೈಯ ತಂಬಿಗೆ ಮಾತ್ರ. ತಲೆ ಎತ್ತಿ ನೋಡಿದರೆ ಮಾವ ಆಗಲೇ ನಮ್ಮ ಮುಂದೆ ದಾಟಿ ಹೋಗಿದ್ದ. ಅವನ ಬೆನ್ನು ಕಾಣುತ್ತಿತ್ತು. ಒಂದು ಬದಿಗೆ ವಾಲುತ್ತಿತ್ತು, ಹಿಂದಿನ ವರ್ಷ ಬೀಳುವ ಮೊದಲು ವಾಲಿತೆಂದು ಹೇಳುತ್ತಿದ್ದರಲ್ಲ, ಹಾಗೆ.

ಅಕ್ಕ ಕೂಗಿದಳು. ಏನೆಂದು ಕೂಗಬೇಕು? ಗಂಡನ ಹೆಸರನ್ನು ಅವಳು ಜನ್ಮದಲ್ಲಿ ಬಾಯಿಂದ ತೆಗೆದವಳಲ್ಲ. “ಏ! ಇಲ್ಲಿ ನೋಡ್ರಿ! ನಿಂದರ್ರಿ!” ಎಂದಳು. ಓಡುತ್ತಿದ್ದವರು ನಾಲ್ಕೈದು ಜನ ಹೊರಳಿ ನೋಡಿದರು, ಮಾವ ನೋಡಲಿಲ್ಲ. ನಾನು ‘ಮಾವಾ’ ಎಂದು ಅರಚಿದ್ದು ಚಪ್ಪಾಳೆಯ ಗದ್ದಲದಲ್ಲಿ ಮುಳುಗಿತು. ಅಕ್ಕ ಸೆರಗು ಸೊಂಟಕ್ಕೆ ಸಿಗಿಸಿದಳು, ಚಪ್ಪಲಿ ಅಲ್ಲೇ ಬಿಟ್ಟಳು, ತಂಬಿಗೆಯ ಬಾಯಿಗೆ ಅಂಗೈ ಮುಚ್ಚಿ ಓಡಿದಳು.

ಅವಳು ಓಡಿದ್ದನ್ನು ನಾನು ಅದಕ್ಕೂ ಮೊದಲು ನೋಡಿದ್ದು ಚಿಕ್ಕಂದಿನಲ್ಲಿ, ನನ್ನನ್ನು ಹೊಡೆಯಲು ಬೆನ್ನು ಹತ್ತಿದಾಗ. ಬಿಳಿ ಸೀರೆಯ ಹೆಂಗಸು ತಂಬಿಗೆ ಹಿಡಿದು ಓಡುವುದನ್ನು ಕಂಡು ಜನ ಮೊದಲು ನಕ್ಕರು, ಆಮೇಲೆ ದಾರಿ ಬಿಟ್ಟರು. ಪೋಲೀಸಿನವನೂ ಕೋಲು ಇಳಿಸಿ ಅವಳನ್ನೇ ನೋಡುತ್ತ ನಿಂತ. ಗಾಡಿ ಅವನ ಕೈಗೇ ಕೊಟ್ಟು ನಾನೂ ಹಿಂದೆ ಓಡಿದೆ.

ಮುಂದೆ ಒಂದು ನೀರಿನ ಮೇಜಿನ ಹತ್ತಿರ ಮಾವ ನಿಂತಿದ್ದ. ಅವನ ಕೈಯಲ್ಲಿ ಗ್ಲಾಸಿತ್ತು. ಅದನ್ನೇ ನೋಡುತ್ತಿದ್ದ. ಕುಡಿಯುವವನಿದ್ದನೋ, ತಲೆಗೆ ಸುರಿದುಕೊಳ್ಳುವವನಿದ್ದನೋ, ಈವರೆಗೂ ಹೇಳಿಲ್ಲ. ಅಕ್ಕನೂ ಕೇಳಿಲ್ಲ.

“ಅದನ್ನ ಕೆಳಗ ಇಡ್ರಿ” ಎಂದಳು, ಹಿಂದಿನಿಂದ, ಏದುಸಿರು ಬಿಡುತ್ತ.

ಹೊರಳಿ ನೋಡಿದ. “ಚಂದ್ರಾ! ನೀ ಓಡಿ ಬಂದೇನು?”

“ಮಾತು ಆಮ್ಯಾಲ. ಕೈ ಹಿಡೀರಿ.”

ತಂಬಿಗೆಯಲ್ಲಿದ್ದದ್ದು ಪೂರ್ತಿ, ಕೊನೆಯ ಹನಿಯವರೆಗೂ, ಅವನ ಬೊಗಸೆಗೆ ಬಿಟ್ಟಳು. ಕುಡಿದ. ಒದ್ದೆ ಕೈಯಿಂದ ಮುಖ ಒರೆಸಿಕೊಂಡ. ಅವಳು ಮೊಣಕೈಯಿಂದ ಅವನನ್ನು ಮುಂದಕ್ಕೆ ನೂಕಿದಳು. “ಹೋಗ್ರಿ. ನಿಂತ್ರ ಕಾಲ ಹಿಡೀತಾವ.”

ಗೆರೆಯ ಹತ್ತಿರ ಬಂದಾಗ ಪದಕಗಳು ಹಂಚಿ ಮುಗಿದಿದ್ದವು, ಮುಖ್ಯ ಅತಿಥಿ ಹೋಗಿಯಾಗಿತ್ತು, ಮಂಡಳದ ಹುಡುಗರು ಮಂಟಪದ ಹಗ್ಗ ಬಿಚ್ಚುತ್ತಿದ್ದರು. ಆದರೂ ಅವರು ಹಗ್ಗ ಬಿಟ್ಟು ಬಂದು ಚಪ್ಪಾಳೆ ತಟ್ಟಿದರು. ಸುಣ್ಣದ ಗೆರೆ ಅರ್ಧ ಅಳಿಸಿತ್ತು; ಮಾವ ದಾಟಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಹಿಂದೆ ಬಂದು ಇನ್ನೊಮ್ಮೆ ದಾಟಿದ. ಒಬ್ಬ ಹುಡುಗ ನೀರಿನ ಗ್ಲಾಸು ಕೊಟ್ಟ. ನೇಮ ಮುಗಿದಿತ್ತು. ಒಂದು ವರ್ಷದ ಮೇಲೆ ಮಾವ ಹೊರಗಿನ ನೀರು ಕುಡಿಯಬಹುದಿತ್ತು. ಬಾಯಿಯ ಹತ್ತಿರ ಒಯ್ದವನು ಅಲ್ಲೇ ನಿಂತ.

ಅಕ್ಕ ರಸ್ತೆಯ ಬದಿ ಕಟ್ಟೆಯ ಮೇಲೆ ಕುಳಿತಿದ್ದಳು. ಮುಖ ಬಿಳಿಚಿತ್ತು, ತುಟಿ ಒಡೆದು ಒಣಗಿದ್ದವು. ಖಾಲಿ ತಂಬಿಗೆ ತೊಡೆಯ ಮೇಲಿತ್ತು.

“ನೀ ಯಾವಾಗ ನೀರ ಕುಡದಿ?” ಎಂದು ಮಾವ ಕೇಳಿದ.

ಅಕ್ಕ ತಂಬಿಗೆಯನ್ನು ತೊಡೆಯ ಮೇಲೆ ಸರಿಸಿಟ್ಟುಕೊಂಡಳು.

“ಚಂದ್ರಾ, ಕೇಳಾಕತ್ತೇನಿ.”

“ನಿನ್ನಿ ಸಂಜೀಕ. ನೀವು ಮುಗಸೂತನಕ ನಾ ಹ್ಯಾಂಗ ಕುಡೀಲಿ?”

ಮಹಾರಾಜರ ಆಹಾರವಾಗುವ ತನಕ ಕೊಡುವವರು ಬಾಯಿಗೆ ಏನೂ ಹಾಕುವುದಿಲ್ಲ. ಅಷ್ಟೇ ಅವಳ ಲೆಕ್ಕ. ಆ ಬಿಸಿಲಲ್ಲಿ ತುಂಬಿದ ಬಿಂದಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸಾಂಗ್ಲಿ ಮಿರಜ ಎರಡೂ ತಿರುಗಿದ್ದಳು, ಒಂದು ಹನಿ ಮುಟ್ಟಿರಲಿಲ್ಲ. ನನ್ನ ಮುಂದೆ ಕುಳಿತು ಬಂದಿದ್ದರೆ ತುಟಿಯನ್ನಾದರೂ ನೋಡುತ್ತಿದ್ದೆ. ಬೆನ್ನ ಹಿಂದೆ ಇದ್ದವಳು, ನನಗೆ ತಿಳಿಯಲಿಲ್ಲ.

ಮಾವ ತನ್ನ ಗ್ಲಾಸನ್ನು ಅವಳ ಮುಂದೆ ಹಿಡಿದ. ಅಕ್ಕ ತಲೆ ಅಲ್ಲಾಡಿಸಿದಳು. ಸೋಸದ ನಳದ ನೀರು ಅವಳು ಕುಡಿಯುವುದಿಲ್ಲ, ನೇಮ ಇರಲಿ ಇಲ್ಲದಿರಲಿ. ಮಾವ ಕಟ್ಟೆಯ ಮುಂದೆ ಮೊಣಕಾಲೂರಿ ಕುಳಿತ. ಅವಳ ಸೊಂಟಕ್ಕೆ ಸಿಗಿಸಿದ್ದ, ತಂಬಿಗೆಯ ಬಾಯಿ ಮುಚ್ಚುವ ಬಿಳಿ ಬಟ್ಟೆ ತೆಗೆದುಕೊಂಡು ತಂಬಿಗೆಯ ಮೇಲೆ ಹರವಿದ. ನಮ್ಮ ಮನೆಗಳಲ್ಲಿ ನೀರು ಸೋಸುವುದು ಹೆಂಗಸರ ಕೆಲಸ. ಮಾವ ತನ್ನ ನಲವತ್ತು ಚಿಲ್ಲರೆ ವರ್ಷದಲ್ಲಿ ಒಮ್ಮೆಯೂ ಮಾಡಿದವನಲ್ಲ. ಹುಡುಗರು ಒಂದೊಂದಾಗಿ ಗ್ಲಾಸು ತಂದುಕೊಟ್ಟರು.

“ಅರಿವಿ ಎರಡ ಪದರ ಮಾಡ್ರಿ. ಒಂದ ಪದರದಾಗ ಸೋಸ್ತಾರೇನು?” ಎಂದು ಅಕ್ಕ ಒಣಗಿದ ಗಂಟಲಲ್ಲೇ ಗದರಿದಳು.

ಎರಡು ಪದರ ಮಾಡಿದ. ಮೆಲ್ಲಗೆ ಸುರಿದ. ತಂಬಿಗೆ ತುಂಬಿದ ಮೇಲೆ ಎತ್ತಿ ಹಿಡಿದು, “ಕೈ ಹಿಡಿ” ಎಂದ. ಅಕ್ಕ ಬೊಗಸೆ ಹಿಡಿದಳು. ಮಾವ ನೀರು ಬಿಟ್ಟ, ಅವಳು ಕುಡಿದಳು. ಅವನು ಬಿಡುತ್ತಲೇ ಇದ್ದ, ಅವಳು ಕುಡಿಯುತ್ತಲೇ ಇದ್ದಳು. ನಾನು ನೋಡಲಾಗದೆ ಹಗ್ಗ ಬಿಚ್ಚುವ ಹುಡುಗರ ಕಡೆ ಮುಖ ಮಾಡಿ ನಿಂತೆ.

ತಂಬಿಗೆ ಖಾಲಿಯಾದ ಮೇಲೆ ಅಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. ತನ್ನ ಬರಿಗಾಲು ನೋಡಿಕೊಂಡಳು, ಅವನ ಬೂಟು ನೋಡಿದಳು, ಬಂದ ರಸ್ತೆಯನ್ನೊಮ್ಮೆ ನೋಡಿದಳು.

“ಮುಂದಿನ ವರ್ಷ ಎರಡ ಬಿಂದಿಗಿ ತರೂಣು” ಎಂದಳು.